ಟಿಕ್ ಡಬ್ಬಿ

ಆ ಶಬ್ದವನ್ನು ಕಂಡರೆ ಕಂಟ್ರೋಲ್ ರೂಮಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಶಬ್ದವನ್ನು ಕಾಣುವುದು ಹೇಗೆ ಎಂದು ಕೇಳುವವರು ಒಂದೇ ಒಂದು ಪಾಳಿ ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು ನೋಡಲಿ. ಊರಿನಲ್ಲಿ ಎಲ್ಲಿ ಬೆಂಕಿ ಬೀಳಲಿ, ಯಾರಿಗೆ ಎದೆ ಹಿಡಿದುಕೊಳ್ಳಲಿ, ಯಾವ ಗಾಡಿ ಯಾವುದಕ್ಕೆ ಗುದ್ದಲಿ, ಜನ ಫೋನ್ ಮಾಡುತ್ತಿದ್ದದ್ದು ಈ ರೂಮಿಗೆ. ಮಾತಿನ ಉದ್ದಕ್ಕೂ, ಕೆಲವು ಸೆಕೆಂಡಿಗೊಮ್ಮೆ, 'ಟಿಕ್' ಎಂದು ಒಂದು ಸದ್ದು. ಮಾತು ರೆಕಾರ್ಡ್ ಆಗುತ್ತಿದೆ ಎಂದು ಫೋನ್ ಮಾಡಿದವರಿಗೆ ಗೊತ್ತಾಗಲಿ ಅಂತ ಯಾವುದೋ ಕಾಲದಲ್ಲಿ ಯಾರೋ ಮಾಡಿಟ್ಟ ನಿಯಮ ಅದು. ಮಾಡಿದ ಪುಣ್ಯಾತ್ಮ ಒಂದು ದಿನವೂ ಇಲ್ಲಿ ಕೂತಿರಲಿಕ್ಕಿಲ್ಲ.

ಮಾತನ್ನೆಲ್ಲ ಹಿಡಿದಿಡುವ ಯಂತ್ರ ಪಕ್ಕದ ಕಿರುಕೋಣೆಯಲ್ಲಿತ್ತು. ಬಟ್ಟೆ ಬೀರುವಿನಷ್ಟು ದೊಡ್ಡದಾಗಿದ್ದರಿಂದ ಎಲ್ಲರೂ ಅದನ್ನು ಬೀರು ಎಂದೇ ಕರೆಯುತ್ತಿದ್ದರು. ಅದರ ಪಕ್ಕದ ಗೋಡೆಯ ಮೇಲೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಬೂದು ಡಬ್ಬಿ. ಟಿಕ್ ಹುಟ್ಟುತ್ತಿದ್ದದ್ದು ಅದರೊಳಗೆ. ಬೀರುವನ್ನೂ ಡಬ್ಬಿಯನ್ನೂ ವರ್ಷಗಟ್ಟಲೆ ನೋಡಿಕೊಂಡು ಬಂದವಳು ರಿಪೇರಿಯಕ್ಕ. ಅವಳಿಗೆ ಒಂದು ಸ್ವಭಾವ. ಮನುಷ್ಯರನ್ನು ಬೈದರೆ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು, ಯಂತ್ರವನ್ನು ಬೈದರೆ ಮಾತ್ರ ಮುಖ ಊದಿಸಿಕೊಳ್ಳುತ್ತಿದ್ದಳು.

ಯಂತ್ರವನ್ನು ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವಳು ಅವಳ ನಾದಿನಿಯೇ. ಗಂಡನ ತಂಗಿ. ವಯಸ್ಸು ಮೂವತ್ತು ದಾಟಿದರೂ ಮನೆಯಲ್ಲಿ ಪುಟ್ಟಿ. ಒಂದೇ ಮನೆ, ಒಂದೇ ಆಫೀಸು, ಬೆಳಿಗ್ಗೆ ಹಿಡಿಯುವುದು ಒಂದೇ ಬಸ್ಸು. ಆದರೂ ಇಬ್ಬರೂ ಎಣ್ಣೆ ಸೀಗೆಕಾಯಿ. ಅಡುಗೆಮನೆಯಲ್ಲಿ ಪಾತ್ರೆ ಎಲ್ಲಿಡಬೇಕು ಎನ್ನುವುದರಿಂದ ಹಿಡಿದು ಕಿಟಕಿ ಎಷ್ಟು ತೆರೆಯಬೇಕು ಎನ್ನುವವರೆಗೆ ಅವರಿಗೆ ಜಗಳಕ್ಕೆ ಕಾರಣ ಹುಡುಕುವ ಕಷ್ಟವಿರಲಿಲ್ಲ. ಗಂಡ ಬಸ್ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಬಂದ ಮನುಷ್ಯ ಇಬ್ಬರ ಮಾತಿಗೂ ಹೂಂಗುಟ್ಟಿ ಊಟ ಮುಗಿಸಿ ಏಳುತ್ತಿದ್ದ.

"ಅತ್ತಿಗೆ, ನಿಮ್ಮ ಆ ಟಿಕ್ ಡಬ್ಬಿ ನನ್ನ ತಲೆ ತಿಂತಾ ಇದೆ. ನಿದ್ದೆಯಲ್ಲೂ ಟಿಕ್ ಅನ್ನತ್ತೆ. ಯಾವಾಗ ತೆಗೀತೀರಾ?" ಎಂದು ಪುಟ್ಟಿ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

"ನಿಯಮ ಕಣೇ. ನಾನೇನು ಅದನ್ನ ಮುದ್ದಿಗೆ ಸಾಕಿದ್ದೀನಾ?"

ಆದರೆ ಫೋನ್ ಎತ್ತಿಕೊಂಡರೆ ಪುಟ್ಟಿಯ ಸಮ ಯಾರೂ ಇರಲಿಲ್ಲ. ಅದನ್ನು ರಿಪೇರಿಯಕ್ಕ ಬಾಯಿಬಿಟ್ಟು ಹೇಳಿದವಳಲ್ಲ, ಹೇಳಿದ್ದರೆ ಮನೆಯಲ್ಲಿ ಬದುಕುವುದು ಇನ್ನೂ ಕಷ್ಟವಾಗುತ್ತಿತ್ತು. ಗಂಟಲು ಹರಿಯುವಂತೆ ಕಿರುಚುವವರು ಕೂಡ ಅವಳ ದನಿ ಕೇಳಿದರೆ ಉಸಿರು ಹಿಡಿದು ವಿಳಾಸ ಹೇಳುತ್ತಿದ್ದರು. ವಿಳಾಸ ಸಿಕ್ಕಿದ ಮೇಲೆ ಅವಳು ಕಾಲಡಿಯ ಪೆಡಲ್ ಒತ್ತುತ್ತಿದ್ದಳು. ಪೆಡಲ್ ಒತ್ತಿದರೆ ಅವಳ ಮಾತು ರೇಡಿಯೋ ಮೂಲಕ ಆಂಬುಲೆನ್ಸಿಗೆ ಹೋಗುತ್ತದೆ. ಆ ಹೊತ್ತು ಫೋನಿನಲ್ಲಿ ಕಾದಿರುವವರಿಗೆ ಇವಳು ಕೇಳುವುದಿಲ್ಲ, ಅವರು ಇವಳಿಗೆ ಕೇಳುವುದಿಲ್ಲ. ಕಾಲು ತೆಗೆದರೆ ಮತ್ತೆ ಫೋನು.

ಬೀರುವಿನ ಬಿಡಿಭಾಗ ಎಲ್ಲೂ ಸಿಗದ ಹಾಗಾದಾಗ ಕೊನೆಗೂ ಹೊಸದು ಬಂತು. ಊಟದ ಡಬ್ಬಿಯಷ್ಟು ಚಿಕ್ಕ ಯಂತ್ರ, ಜೊತೆಗೊಬ್ಬ ಕಂಪನಿಯ ಇಂಜಿನಿಯರು. ಒಳ್ಳೆಯ ಹುಡುಗ. ಏನು ಕೇಳಿದರೂ ಮೊದಲು ಕನ್ನಡಕ ಒರೆಸಿ ಆಮೇಲೆ ಉತ್ತರ ಕೊಡುವ ಅಭ್ಯಾಸ. ಒಂದು ವಾರ ಹಳೆಯದೂ ಹೊಸದೂ ಜೊತೆಜೊತೆಗೇ ಓಡಿದವು. ಹೊಸದರಲ್ಲಿ ಒಂದು ಹೆಚ್ಚುಗಾರಿಕೆ ಇತ್ತು. ಬೀರುವಿನಲ್ಲಿ ಒಂದು ಮೇಜಿಗೆ ಒಂದೇ ದಾರಿ. ಪೆಡಲ್ ಒತ್ತಿದರೆ ರೇಡಿಯೋ ಮಾತು ಮಾತ್ರ ಅದರೊಳಗೆ ಹೋಗುತ್ತಿತ್ತು. ಹೊಸದು ಫೋನನ್ನು ಬೇರೆ, ರೇಡಿಯೋವನ್ನು ಬೇರೆ ಹಿಡಿದಿಡುತ್ತಿತ್ತು, ಪೆಡಲ್ ಮೇಲೆ ಕಾಲಿರಲಿ ಇಲ್ಲದಿರಲಿ.

ನಿಯಮವೂ ಬದಲಾಗಿತ್ತು. ಕರೆಯ ಮೊದಲಿಗೇ 'ಈ ಮಾತು ರೆಕಾರ್ಡ್ ಆಗುತ್ತಿದೆ' ಎಂದು ಒಂದು ದನಿ ಹೇಳಿಬಿಟ್ಟರೆ ಸಾಕು, ಟಿಕ್ ಬೇಕಿಲ್ಲ. ಸುದ್ದಿ ಕೇಳಿ ಪುಟ್ಟಿ ಕುರ್ಚಿಯಿಂದ ಎದ್ದು ನಿಂತಳು.

"ಹಾಗಾದ್ರೆ ಅದನ್ನ ನನ್ನ ಕಣ್ಣೆದುರಿಗೇ ಕತ್ತರಿಸ್ಬೇಕು."

ಬೀರುವನ್ನು ನಿಲ್ಲಿಸಿದ ಬೆಳಿಗ್ಗೆ ರಿಪೇರಿಯಕ್ಕ ಕಟ್ಟಿಂಗ್ ಪ್ಲೇಯರ್ ಹಿಡಿದು ಎಲ್ಲರನ್ನೂ ಕರೆದಳು. ಅವಳಿಗೆ ಒಳಗೊಳಗೇ ಖುಷಿ. ಇಷ್ಟು ವರ್ಷದಲ್ಲಿ ನಾದಿನಿ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಅದನ್ನು ಕೊಡಲು ಈಗ ಕಾಲ ಬಂದಿತ್ತು. ತಂತಿ ಕತ್ತರಿಸಿದಾಗ ಬಿಡುವಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪುಟ್ಟಿ ಹೆಡ್‌ಫೋನ್ ಕಿವಿಗಿಟ್ಟು, ಕಣ್ಣು ಮುಚ್ಚಿ, "ಆಹಾ, ಸ್ವರ್ಗ," ಎಂದಳು. ಆಮೇಲೆ ಅತ್ತಿಗೆಯ ಭುಜ ತಟ್ಟಿ ಮೇಜಿಗೆ ಹೋದಳು. ಆ ಭುಜವನ್ನು ರಿಪೇರಿಯಕ್ಕ ಎರಡು ಸಲ ಮುಟ್ಟಿ ನೋಡಿಕೊಂಡಳು.

ಸ್ವರ್ಗ ಬಹಳ ಹೊತ್ತು ಉಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಒಂದು ಮೇಜಿನಿಂದ, "ನಂದು ಕಟ್ ಆಯ್ತು," ಎಂಬ ದನಿ ಬಂತು. ಇನ್ನೊಂದರಿಂದ, "ನಂದೂ." ಪೆಡಲ್ ಬಿಟ್ಟು ಫೋನಿಗೆ ವಾಪಸ್ ಬರುವಷ್ಟರಲ್ಲಿ ಆ ಕಡೆಯವರು ಇರುತ್ತಿರಲಿಲ್ಲ. ರಿಪೇರಿಯಕ್ಕ ಮೂಲೆಯ ಮೇಜಿನ ಕೆಳಗೆ ನುಸುಳಿ ವೈರು ನೋಡುತ್ತಿದ್ದಾಗ ಪುಟ್ಟಿಯ ದನಿ ಕೇಳಿತು.

"ಹಲೋ? ಪುಟ್ಟಾ? ಹಲೋ? ಇದ್ದೀಯೇನಮ್ಮಾ?"

ಆ ದನಿಯಲ್ಲಿ ಹಿಂದೆಂದೂ ಕೇಳದ ಒಂದು ನಡುಕವಿತ್ತು. ರಿಪೇರಿಯಕ್ಕ ತಲೆ ಎತ್ತಲು ಹೋಗಿ ಮೇಜಿಗೆ ಚಚ್ಚಿಕೊಂಡಳು.

ಫೋನ್ ಮಾಡಿದ್ದು ಒಂದು ಚಿಕ್ಕ ಹುಡುಗಿ. ಮನೆಯಲ್ಲಿ ಅಜ್ಜಿ ಮತ್ತು ಅವಳು, ಇಬ್ಬರೇ. ಅಜ್ಜಿ ಬಿದ್ದಿದ್ದಾರೆ, ಮಾತಾಡುತ್ತಿಲ್ಲ. ಹಾಲಿನ ಡಿಪೋ ಹಿಂದಿನ ದೊಡ್ಡ ಕಟ್ಟಡ ಎನ್ನುವುದಷ್ಟು ತಿಳಿದ ಕೂಡಲೇ ಪುಟ್ಟಿ ಗಾಡಿ ಹೊರಡಿಸಲು ಪೆಡಲ್ ಒತ್ತಿದ್ದಳು. ಮನೆ ನಂಬರು ಆಮೇಲೆ ಕೇಳಿದರಾಯಿತು ಎಂದು. ವಾಪಸ್ ಬಂದರೆ ಮಗುವಿಲ್ಲ. ತಿರುಗಿ ಮಾಡಿದರೆ ನಂಬರು ಎಂಗೇಜು. ಹಾಲಿನ ಡಿಪೋ ಹಿಂದೆ ಇದ್ದದ್ದು ಒಂದು ಕಟ್ಟಡವಲ್ಲ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಒಂದು ಸಾಲು.

ಆಂಬುಲೆನ್ಸಿನ ಡ್ರೈವರನ್ನು ಎಲ್ಲರೂ ಗುಡುಗು ಎಂದು ಕರೆಯುತ್ತಿದ್ದರು. ಅವನು ರೇಡಿಯೋದಲ್ಲಿ ಮಾತಾಡಿದರೆ ಹೆಡ್‌ಫೋನ್ ಕಿವಿಯಿಂದ ದೂರ ಹಿಡಿಯಬೇಕಿತ್ತು.

"ಯಾವ ಕಟ್ಟಡ? ಮೇಡಂ, ಯಾವ ಮಹಡಿ? ಓವರ್!"

"ಗೊತ್ತಿಲ್ಲ," ಎಂದಳು ಪುಟ್ಟಿ. "ಕೂಗ್ಕೊಂಡು ಹೋಗಿ. ದಯವಿಟ್ಟು, ಕೂಗ್ಕೊಂಡು ಹೋಗಿ."

ಗುಡುಗಿನ ಗಂಟಲು ಅಂದು ಒಂದು ಜೀವದ ಕೆಲಸಕ್ಕೆ ಬಂತು. ಅವನು ಮೆಟ್ಟಿಲು ಮೆಟ್ಟಿಲಿಗೂ ಕೂಗಿದ ಕೂಗಿಗೆ ಮೂರನೆಯ ಕಟ್ಟಡದಲ್ಲಿ ಮಗು ಬಾಲ್ಕನಿಗೆ ಬಂತು. ಅಜ್ಜಿಗೆ ಉಸಿರಿತ್ತು. ಸ್ಟ್ರೆಚರ್ ಮೇಲೆ ಹಾಕಿ ಒಯ್ಯುವಾಗ ಅವನು ರೇಡಿಯೋದಲ್ಲಿ, ಹಿಂದೆ ಮುಂದೆ ನೋಡದೆ, ಇದ್ದದ್ದನ್ನು ಇದ್ದ ಹಾಗೇ ಒದರಿದ: "ಅಜ್ಜಿಗೆ ಪ್ರಜ್ಞೆ ಇಲ್ಲ, ಆಸ್ಪತ್ರೆಗೆ ಹೊರಟಿದ್ದೀವಿ. ಮಗು ಹುಷಾರಾಗಿದೆ. 'ಫೋನಲ್ಲಿದ್ದ ಅಕ್ಕ ನನ್ನ ಬಿಟ್ಟು ಹೋಗ್ಬಿಟ್ರು' ಅಂತ ಅಳ್ತಾ ಇದೆ. ಓವರ್."

ಇಡೀ ರೂಮಿಗೆ ಕೇಳಿಸಿತು. ಪುಟ್ಟಿ ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟು, ಚೀಲ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಮಧ್ಯಾಹ್ನ ಸೂಪರ್‌ವೈಸರು ಕಿರುಕೋಣೆಗೆ ಬಂದು ಬಾಗಿಲಿಗೆ ಅಡ್ಡ ನಿಂತರು. ಸಿಟ್ಟಿನ ಮನುಷ್ಯರಲ್ಲ, ಆದರೆ ಅಂದು ಅವರ ಕಿವಿಯೂ ಕೆಂಪಾಗಿತ್ತು.

"ನಿಮ್ಮ ಹೊಸ ಡಬ್ಬಿ ಕರೆ ಕಟ್ ಮಾಡ್ತಿದೆ."

ಇಂಜಿನಿಯರು ಕನ್ನಡಕ ಒರೆಸಿದ. "ಇಲ್ಲ ಸರ್. ಎಲ್ಲ ನೋಡ್ದೆ. ಒಂದೂ ಕಟ್ ಆಗಿಲ್ಲ. ಅವರೇ ಇಟ್ಟಿದ್ದಾರೆ."

"ಪ್ರಾಣ ಹೋಗೋ ಹೊತ್ತಲ್ಲಿ ಸಹಾಯ ಕೇಳಿದವರು ತಾವಾಗೇ ಯಾಕ್ರೀ ಫೋನ್ ಇಡ್ತಾರೆ?"

ನಾಳೆ ಮಧ್ಯಾಹ್ನದೊಳಗೆ ಕಾರಣ ಸಿಗದಿದ್ದರೆ ಬೀರುವನ್ನೇ ಮತ್ತೆ ಹೂಡಬೇಕು ಎಂದು ಹೇಳಿ ಸೂಪರ್‌ವೈಸರು ಹೋದರು. ಹೂಡಿದರೆ ಅದು ಎಷ್ಟು ದಿನ ಓಡೀತು ಎಂಬುದು ರಿಪೇರಿಯಕ್ಕನಿಗಷ್ಟೇ ಗೊತ್ತಿತ್ತು.

ಮನೆಗೆ ಹೋದರೆ ಪುಟ್ಟಿ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅವನ್ನೆಲ್ಲ ಅತ್ತಿಗೆಗೆ ಬೇಕಾದ ಜಾಗದಲ್ಲೇ ಜೋಡಿಸಿದ್ದಳು. ಪುಟ್ಟಿ ಜಗಳ ಬಿಟ್ಟಿದ್ದಾಳೆಂದರೆ ಎಲ್ಲವನ್ನೂ ಬಿಟ್ಟಿದ್ದಾಳೆ ಎಂದೇ ಅರ್ಥ.

"ನಾನಿನ್ನು ಬರಲ್ಲ ಅತ್ತಿಗೆ. ನಾಳೆ ಆಫೀಸಿನ ಕಾರ್ಡ್ ವಾಪಸ್ ಕೊಟ್ಟು ಬರ್ತೀನಿ."

"ಹುಚ್ಚು ಹಿಡಿದಿದೆಯಾ? ಮಿಷನ್ನಿಂದು ಏನೋ ಇರ್ಬೇಕು..."

"ಮಿಷನ್ನಿಂದಲ್ಲ. ಆ ಮಗೂಗೆ ನಾನು ಇದ್ದೀನಿ ಅಂದೆ. ಅದು ನಂಬಲಿಲ್ಲ. ಬೆಳಿಗ್ಗೆಯಿಂದ ಒಬ್ರೂ ನಂಬಲಿಲ್ಲ. ನನ್ನ ದನಿಯಲ್ಲಿ ಏನಿತ್ತೋ ಅದು ಹೋಗಿದೆ. ದನಿ ನಂಬಿಸಲ್ಲ ಅಂದ್ಮೇಲೆ ಆ ಕುರ್ಚಿಯಲ್ಲಿ ನಂಗೇನು ಕೆಲಸ?"

ಗಂಡ ಬಾಗಿಲಲ್ಲಿ ನಿಂತು, "ಮೊದಲು ಊಟ ಮಾಡ್ರೇ," ಎಂದ. ಯಾರೂ ಮಾಡಲಿಲ್ಲ. ನಾದಿನಿಯ ಬೆನ್ನಿನ ಮೇಲೆ ಕೈ ಇಡಬೇಕೆಂದು ರಿಪೇರಿಯಕ್ಕನಿಗೆ ಅನ್ನಿಸಿತು, ಅಭ್ಯಾಸವಿಲ್ಲದ್ದಕ್ಕೆ ಕೈ ಮೇಲೇಳಲಿಲ್ಲ.

ಬೆಳಿಗ್ಗೆ ಅವಳು ಎಂದಿಗಿಂತ ಮೊದಲೇ ಆಫೀಸಿಗೆ ಬಂದು ಇಂಜಿನಿಯರಿಗೆ ಹೇಳಿದಳು, "ಯಂತ್ರ ಸರಿ ಇದೆ ಅಂತೀಯಲ್ಲ, ಹಾಗಾದ್ರೆ ಅದೇ ಹೇಳ್ಲಿ. ಆ ಮಗುವಿನ ಕರೆ ಹಾಕು. ರೇಡಿಯೋ ಬೇಡ, ಫೋನಿಂದು ಮಾತ್ರ."

ಕೇಳಿದರು. ಮೊದಲು ಪುಟ್ಟಿಯ ಪ್ರಶ್ನೆಗಳು. ಅಜ್ಜಿ ಉಸಿರಾಡ್ತಿದ್ದಾರಾ, ಎದೆ ಏಳ್ತಾ ಇಳೀತಾ ಇದೆಯಾ ನೋಡು, ಜಾಣೆ ನೀನು. ಆ ದನಿಯಿಂದ ಏನೂ ಹೋಗಿರಲಿಲ್ಲ, ಅದು ರಿಪೇರಿಯಕ್ಕನಿಗೆ ಮೊದಲ ಮಾತಿಗೇ ತಿಳಿಯಿತು. ಆಮೇಲೆ ಪುಟ್ಟಿ ಹೇಳಿದಳು:

"ಫೋನ್ ಇಡ್ಬೇಡ ಪುಟ್ಟಾ. ಗಾಡಿಯವರಿಗೆ ಹೇಳಿ ಬರ್ತೀನಿ. ಟಿಕ್ ಟಿಕ್ ಅಂತ ಕೇಳತ್ತೆ ನೋಡು, ಅದು ಕೇಳೋವರೆಗೂ ನಾನು ಇಲ್ಲೇ ಇದ್ದೀನಿ ಅಂತ ಅರ್ಥ."

ರಿಪೇರಿಯಕ್ಕ ಸದ್ದು ಇನ್ನಷ್ಟು ಹೆಚ್ಚಿಸಿದಳು.

ಪೆಡಲ್ ಒತ್ತಿದ ಸದ್ದು. ನಂತರ ನಿಶ್ಶಬ್ದ. ಮಗುವಿನ ಉಸಿರು ಮಾತ್ರ ಕೇಳುತ್ತಿತ್ತು. ಹೊಸ ಯಂತ್ರ ಎಷ್ಟು ಚೊಕ್ಕ ಎಂದರೆ ದೂರದಲ್ಲಿ ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ಮಗು ಕಿವಿಗೊಟ್ಟು ಕಾಯುತ್ತಿತ್ತು.

"ಅಕ್ಕಾ... ಟಿಕ್ ಬರ್ತಿಲ್ಲ."

ಮತ್ತೆ ಉಸಿರು.

"ಅಜ್ಜೀ, ಟಿಕ್ ಬರ್ತಾನೇ ಇಲ್ಲ. ಅಕ್ಕ ಹೋಗ್ಬಿಟ್ರು ಅನ್ಸತ್ತೆ. ನಾನು ಅಮ್ಮಂಗೆ ಫೋನ್ ಮಾಡ್ತೀನಿ, ನೀನು ಹಾಗೇ ಮಲ್ಕೊಂಡಿರು ಅಜ್ಜಿ."

ಮಗು ಫೋನ್ ಇಟ್ಟಿತು. ಇಂಜಿನಿಯರು ಕನ್ನಡಕ ತೆಗೆದ, ಆದರೆ ಒರೆಸಲಿಲ್ಲ.

ಆಮೇಲೆ ಇಬ್ಬರೂ ಸೇರಿ ಹಿಂದಿನ ವಾರದ ಕರೆಗಳನ್ನು ಹಾಕಿದರು. ಎರಡೂ ಯಂತ್ರ ಜೊತೆಗೆ ಓಡಿದ ವಾರ, ಟಿಕ್ ಇನ್ನೂ ಬದುಕಿದ್ದ ವಾರ. ಪೆಡಲ್ ಮೇಲೆ ಕಾಲಿದ್ದಾಗ ಆ ಕಡೆಯವರು ಏನು ಮಾಡುತ್ತಾರೆ ಎಂದು ಅಲ್ಲಿಯವರೆಗೆ ಲೋಕದಲ್ಲಿ ಯಾರೂ ಕೇಳಿರಲಿಲ್ಲ. ಮೇಜಿನಲ್ಲಿ ಕೂತವರಿಗೆ ಕೇಳುತ್ತಿರಲಿಲ್ಲ, ಬೀರು ಅದನ್ನು ಹಿಡಿದಿಡುತ್ತಿರಲಿಲ್ಲ. ಈಗ ಕೇಳಿದರು. ಒಬ್ಬ ಮುದುಕ ಹೆಂಡತಿಗೆ, "ಟಿಕ್ ಅಂತಿದೆ ಕಣೇ, ಇದ್ದಾರೆ, ಇದ್ದಾರೆ," ಎಂದು ಪ್ರತಿ ಟಿಕ್ಕಿಗೂ ಹೇಳುತ್ತಿದ್ದ. ಗುದ್ದಿದ ಕಾರಿನೊಳಗೆ ಸಿಕ್ಕಿಕೊಂಡಿದ್ದ ಹೆಂಗಸೊಬ್ಬಳು ಅದರ ತಾಳಕ್ಕೆ ಏನನ್ನೋ ಗುನುಗುತ್ತಿದ್ದಳು. ಕುಡಿದು ಚರಂಡಿಗೆ ಬಿದ್ದ ಒಬ್ಬ, "ಟಿಕ್ ಅಂದ್ರೆ ಸಾಕೇನಯ್ಯಾ, ಬೇಗ ಬಾರಯ್ಯಾ," ಎಂದು ಅದಕ್ಕೇ ದಬಾಯಿಸುತ್ತಿದ್ದ. ರಿಪೇರಿಯಕ್ಕನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಫೋನ್ ಎತ್ತುವ ಎಲ್ಲರೂ ಪೆಡಲ್ ಒತ್ತುವ ಮೊದಲು ಪುಟ್ಟಿಯ ಅದೇ ಮಾತನ್ನು ತಂತಮ್ಮ ರೀತಿಯಲ್ಲಿ ಹೇಳುತ್ತಿದ್ದರು. ಟಿಕ್ಕನ್ನು ಬಾಯ್ತುಂಬ ಬೈಯುತ್ತ, ಅದರ ಮೇಲೇ ಆಣೆ ಇಟ್ಟು ಊರನ್ನು ಸಂತೈಸುತ್ತಿದ್ದರು. ಎಷ್ಟು ಸಲ ಹೇಳಿದ್ದರೆಂದರೆ, ಅದು ತಮ್ಮ ಬಾಯಿಂದ ಬರುತ್ತಿದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ನಿನ್ನೆಯವನ್ನು ಹಾಕಿದರೆ ಎಲ್ಲದರಲ್ಲೂ ಒಂದೇ: "ಹಲೋ? ಹಲೋ? ಛೆ, ಹೋಯ್ತು."

ಕಾರಣ ಸಿಕ್ಕಿತು. ಸೂಪರ್‌ವೈಸರಿಗೆ ಹೇಳಿದರೆ ಮುಗಿಯುತ್ತಿತ್ತು. ಆದರೆ ರಿಪೇರಿಯಕ್ಕನಿಗೆ ಯಂತ್ರದ ಚಿಂತೆ ಆಗಲೇ ಬಿಟ್ಟುಹೋಗಿತ್ತು. ಇದನ್ನು ಪುಟ್ಟಿಗೆ ಕೇಳಿಸುವುದೋ ಬೇಡವೋ? ಮಗುವಿಗೆ ಸುಳ್ಳಾದ ಮಾತು ಅವಳ ಬಾಯಿಂದಲೇ ಬಂದದ್ದು. ಕೇಳಿದರೆ ಮುರಿದೇ ಹೋದಾಳು. ಕೇಳದಿದ್ದರೆ ತನ್ನ ದನಿ ಕೆಟ್ಟಿತು ಎಂದುಕೊಂಡೇ ಉಳಿದಾಳು. ಕೊನೆಗೆ ಅವಳು ಮನೆಗೆ ಫೋನ್ ಮಾಡಿದಳು.

"ಕಾರ್ಡ್ ಕೊಡೋಕೆ ಬರ್ತೀಯಲ್ಲ, ಸ್ವಲ್ಪ ಬೇಗ ಬಾ. ಬೀರು ಹೊರಗೆ ಹಾಕ್ಬೇಕು. ಕೊನೇ ಸಲ ಬೈದು ಹೋಗು."

ಪುಟ್ಟಿ ಬಂದಳು. ಕಣ್ಣು ಊದಿತ್ತು. ಅತ್ತಿಗೆ ಅವಳನ್ನು ಕಿರುಕೋಣೆಯ ಒಂದೇ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನ್ ತಾನೇ ಅವಳ ಕಿವಿಗೆ ಹಾಕಿದಳು. ಇಂಜಿನಿಯರು ಹೊರಗೆ ಹೋಗಲು ಎದ್ದ, ಯಾರೂ ಹೋಗೆನ್ನದ ಕಾರಣ ಅಲ್ಲೇ ನಿಂತ.

ಮಗು 'ಟಿಕ್ ಬರ್ತಿಲ್ಲ' ಎಂದಾಗ ಪುಟ್ಟಿ ಅತ್ತಿಗೆಯ ಮಣಿಕಟ್ಟು ಹಿಡಿದಳು. ಮುಗಿದ ಮೇಲೂ ಬಿಡಲಿಲ್ಲ.

"ನಾನಾ ಹಾಗಂದಿದ್ದು? ಟಿಕ್ ಕೇಳೋವರೆಗೂ ಅಂತ?"

"ದಿನಾ ಅಂತಿದ್ದೆ. ನೀನೊಬ್ಬಳೇ ಅಲ್ಲ, ಎಲ್ಲರೂ."

"ತೆಗೀರಿ ತೆಗೀರಿ ಅಂತ ಪ್ರಾಣ ತಿಂದವಳೂ ನಾನೇ."

"ಕತ್ತರಿಸಿದವಳು ನಾನು. ಚಪ್ಪಾಳೆ ತಟ್ಟಿದವರು ಅವರೆಲ್ಲ. ಅದು ಬಿಡು. ಪುಟ್ಟಿ, ಇಲ್ಲಿ ಕೇಳು." ರಿಪೇರಿಯಕ್ಕ ಅವಳ ಎದುರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಳು. "ಮಗು ನಿನ್ನ ನಂಬಲಿಲ್ಲ ಅಂದ್ಯಲ್ಲ? ನೀನು ಹೇಳಿದ್ದನ್ನ ಅದು ಒಂದಕ್ಷರ ಬಿಡದೆ ನಂಬ್ತು ಕಣೇ. ಟಿಕ್ ಇದ್ರೆ ಅಕ್ಕ ಇದ್ದಾರೆ, ಇಲ್ದಿದ್ರೆ ಇಲ್ಲ. ನಂಬಿದ್ದಕ್ಕೇ ಅದು ಫೋನ್ ಇಟ್ಟಿದ್ದು. ನಿನ್ನ ದನಿಗೇನೂ ಆಗಿಲ್ಲ. ಆಗಿದ್ದು ನನ್ನ ತಂತಿಗೆ. ತಂತಿ ನಾನು ಹಾಕ್ತೀನಿ."

ಪುಟ್ಟಿ ಅತ್ತಳು. ಆ ಅಳು ನಿನ್ನೆಯ ಅಳುವಲ್ಲ ಎಂದು ಅತ್ತಿಗೆಗೆ ಗೊತ್ತಾಯಿತು. ಈ ಸಲ ಕೈ ತಾನಾಗೇ ಮೇಲೆದ್ದು ಅವಳ ಬೆನ್ನಿಗೆ ಹೋಯಿತು.

ಸೂಪರ್‌ವೈಸರು ಮಗುವಿನ ಕರೆಯನ್ನು ನಿಂತೇ ಕೇಳಿದರು. ಕೇಳಿ, "ಹಾಕ್ರೀ. ಕಾಗದಪತ್ರ ಎಲ್ಲ ಆಮೇಲೆ ನೋಡ್ಕೊಳ್ಳೋಣ," ಎಂದರು. ಹಳೆಯ ಡಬ್ಬಿಯನ್ನು ಹೊಸ ಯಂತ್ರದ ಜೊತೆ ಕೂಡಿಸುವುದು ಸಲೀಸಾಗಿರಲಿಲ್ಲ. ಎರಡಕ್ಕೂ ನಡುವೆ ಒಂದು ತಲೆಮಾರಿನ ಅಂತರ. ಇಂಜಿನಿಯರು ತನ್ನ ಚೀಲದಿಂದ ಯಾವುದೋ ಚಿಕ್ಕ ಬೋರ್ಡ್ ತೆಗೆದು ಕೊಟ್ಟ, ಅವಳು ಬೆಸುಗೆ ಹಾಕಿದಳು. ಸದ್ದು ಸ್ವಲ್ಪ ಮೆದುವಾಗಲಿ ಎಂದು ಅವನೇ ಹೇಳಿದ್ದು, ಸಂತೈಸುವಷ್ಟು ಇರಲಿ, ತಲೆ ತಿನ್ನುವಷ್ಟು ಬೇಡ ಎಂದು. ಅದು ರಿಪೇರಿಯಕ್ಕನಿಗೆ ಹಿಡಿಸಿತು.

ಬೆಸುಗೆ ಆರುತ್ತಿದ್ದಾಗ ರೂಮಿನಿಂದ ಗುಡುಗಿನ ದನಿ ಕೇಳಿತು. ರೇಡಿಯೋ ಇಲ್ಲದಿದ್ದರೂ ಕೇಳುತ್ತಿತ್ತೇನೋ.

"ಆಸ್ಪತ್ರೆಯಿಂದ ಹೊರಟೆ. ಮೇಡಂಗೆ ಹೇಳಿ, ಆ ಅಜ್ಜಿ ಕಣ್ಣು ಬಿಟ್ಟಿದ್ದಾರೆ. ನನ್ನ ಬೂಟಿನ ಕೆಸರು ನೋಡಿ, ಒರೆಸಿದ ನೆಲ ಹಾಳು ಮಾಡ್ದೆ ಅಂತ ಬೈದ್ರು. ಓವರ್."

ಮೇಡಂ ತನ್ನ ಮೇಜಿನಲ್ಲೇ ಇದ್ದಳು. ಕಾರ್ಡು ಎಂದಿನಂತೆ ಕೊರಳಲ್ಲಿತ್ತು. ಇನ್ನು ಉಳಿದದ್ದು ಒಂದು ಪರೀಕ್ಷೆಯ ಕರೆ. ರಿಪೇರಿಯಕ್ಕ ಕಿರುಕೋಣೆಯ ಫೋನಿನಿಂದ ನಂಬರು ಒತ್ತಿದಳು. ಇಷ್ಟು ವರ್ಷ ಈ ಕರೆಗಳನ್ನು ಹಿಡಿದಿಟ್ಟವಳು ಒಮ್ಮೆಯೂ ಈ ತುದಿಯಲ್ಲಿ ನಿಂತವಳಲ್ಲ.

"ಹೇಳಿ, ಏನಾಯ್ತು?" ಎಂದಿತು ಪುಟ್ಟಿಯ ದನಿ. ಎಷ್ಟು ಹತ್ತಿರವಿತ್ತೆಂದರೆ, ಅದು ಪರೀಕ್ಷೆ ಎನ್ನುವುದೇ ಅವಳಿಗೆ ಒಂದು ಕ್ಷಣ ಮರೆಯಿತು.

"ಟೆಸ್ಟ್ ಕಾಲ್."

"ಸರಿ. ಇಡ್ಬೇಡಿ, ಗಾಡಿಯವರಿಗೆ ಹೇಳಿ ಬರ್ತೀನಿ. ಟಿಕ್ ಅಂತ ಕೇಳತ್ತೆ. ಅದು ಕೇಳೋವರೆಗೂ ನಾನು ಇಲ್ಲೇ ಇದ್ದೀನಿ."

ನಿಶ್ಶಬ್ದ. ಅದು ಎಷ್ಟು ದೊಡ್ಡದು ಎಂದು ಅವಳಿಗೆ ಆಗ ತಿಳಿಯಿತು. ಎಲ್ಲ ಗೊತ್ತಿದ್ದವಳೂ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ, ಮೆತ್ತಗೆ, ಟಿಕ್.

ಈಗ ಆಡಿದ ಮಾತು ನಾದಿನಿಗೆ ಕೇಳುವುದಿಲ್ಲ, ಹೊಸ ಯಂತ್ರಕ್ಕೆ ಮಾತ್ರ ಕೇಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಧೈರ್ಯ ಬಂತು.

"ನೀನಿಲ್ಲದೆ ನಂಗೆ ಆ ಮನೇಲೂ ಆಗಲ್ಲ, ಈ ಆಫೀಸಲ್ಲೂ ಆಗಲ್ಲ ಕಣೇ," ಎಂದಳು. "ಸಂಜೆ ಒಟ್ಟಿಗೇ ಹೋಗೋಣ. ಕಾಯ್ತೀನಿ."

ಟಿಕ್.

ಪಕ್ಕದಲ್ಲಿ ಹೆಡ್‌ಫೋನ್ ಹಾಕಿ ಕೂತಿದ್ದ ಇಂಜಿನಿಯರು, ಒರೆಸಿದ್ದ ಕನ್ನಡಕವನ್ನೇ ತೆಗೆದು ಮತ್ತೆ ಒರೆಸತೊಡಗಿದ.

"ಇದ್ದೀರಾ ಅತ್ತಿಗೆ?" ಪುಟ್ಟಿ ವಾಪಸ್ ಬಂದಿದ್ದಳು.

"ಇದ್ದೀನಿ."

"ಮತ್ತೆ ಫೋನ್ ಇಡಿ. ಜನ ಕಾಯ್ತಿರ್ತಾರೆ."

ರಿಪೇರಿಯಕ್ಕ ಫೋನ್ ಇಟ್ಟಳು.